ತಣ್ಣೀರಿನ ಲೆಕ್ಕ

ಮ್ಯೂನಿಕ್‌ನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಒಂದು ಗಂಟೆಗೂ ತುಸು ಹೆಚ್ಚು ಹೊತ್ತು ಹೋದರೆ ಬಾಡ್ ವೋರಿಸ್‌ಹೋಫೆನ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿನ ತಣ್ಣೀರಿನ ತೊಟ್ಟಿಗಳಲ್ಲಿ ವಯಸ್ಸಾದವರು ಪ್ಯಾಂಟು ಮಡಚಿಕೊಂಡು, ಪ್ರತಿ ಹೆಜ್ಜೆಗೂ ಕಾಲನ್ನು ನೀರಿನಿಂದ ಪೂರ್ತಿ ಮೇಲೆತ್ತುತ್ತ ಕೊಕ್ಕರೆಯಂತೆ ನಡೆಯುತ್ತಾರೆ. ಊರಿಂದ ಬಂದಿದ್ದ ಅಪ್ಪನನ್ನು ಅಲ್ಲಿಗೆ ಕರೆದೊಯ್ದಿದ್ದೆ. "ನಿನ್ನ ಚಿಕ್ಕಪ್ಪನೂ ಈ ನೀರನ್ನೇ ನಂಬಿದ್ದನಲ್ಲ" ಎಂದವರು ಸುಮ್ಮನಾದರು. ಚಿಕ್ಕಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕಟಿಸ್ನಾನ ಹಿಡಿದಿದ್ದರು. ಕೊನೆಗೆ ಬಲಗಾಲನ್ನು ಕತ್ತರಿಸಬೇಕಾಯಿತು. ಈ ಚಿಕಿತ್ಸೆ ಎಲ್ಲಿಂದ ಹೊರಟು ನಮ್ಮಲ್ಲಿಗೆ ಬಂತು ಎಂಬ ನನ್ನ ಹುಡುಕಾಟ ಶುರುವಾದದ್ದು ಅಂದು.

ಸಿಲೇಸಿಯಾದ ವೈದ್ಯ ಯೋಹಾನ್ ಸೀಗ್‌ಮುಂಡ್ ಹಾನ್ 1738ರಲ್ಲೇ ತಣ್ಣೀರಿನ ಗುಣಗಳ ಬಗ್ಗೆ ಪುಸ್ತಕ ಬರೆದಿದ್ದ. ಆದರೆ ನೀರಿನ ಚಿಕಿತ್ಸೆಯನ್ನು ಮನೆಮಾತಾಗಿಸಿದವನು ಅದೇ ಸೀಮೆಯ ಗ್ರೇಫೆನ್‌ಬರ್ಗ್‌ನ ರೈತನ ಮಗ ವಿನ್ಸೆಂಟ್ ಪ್ರೀಸ್‌ನಿಟ್ಸ್ (1799–1851). ಹರೆಯದಲ್ಲಿ ಗಾಡಿಗೆ ಸಿಕ್ಕಿ ಪಕ್ಕೆಲುಬು ಮುರಿದಾಗ ಒದ್ದೆ ಬಟ್ಟೆ ಸುತ್ತಿಕೊಂಡೇ ಗುಣವಾದನಂತೆ. ಅವನ ಸ್ಪಂಜಿನಲ್ಲಿ ಮಾಟವಿದೆ ಎಂಬ ದೂರೂ ಹೋಯಿತು. ಆದರೂ ಯುರೋಪಿನ ಶ್ರೀಮಂತರು ಆ ಗುಡ್ಡ ಹತ್ತಿದರು. ಆಗಿನ ವೈದ್ಯರು ರಕ್ತ ತೆಗೆಯುತ್ತಿದ್ದರು, ಪಾದರಸದ ಔಷಧ ಕುಡಿಸುತ್ತಿದ್ದರು. ಅದರ ಮುಂದೆ ತಣ್ಣೀರು, ನಡಿಗೆ, ಸಾದಾ ಊಟ, ಬೆಟ್ಟದ ಗಾಳಿ ಇವೆಲ್ಲ ಎಷ್ಟೋ ವಾಸಿ. ನೀರು ಗೆದ್ದದ್ದರಲ್ಲಿ ಎದುರಾಳಿಯ ಪಾಲೂ ದೊಡ್ಡದು.

ವೋರಿಸ್‌ಹೋಫೆನ್‌ನ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (1821–1897) ನೇಕಾರನ ಮಗ. ವಿದ್ಯಾರ್ಥಿಯಾಗಿದ್ದಾಗ ಎದೆಯ ಕಾಯಿಲೆಯಿಂದ ಸೊರಗಿದವನ ಕೈಗೆ ಹಾನ್‌ನ ಪುಸ್ತಕ ಸಿಕ್ಕಿತು. 1849ರ ಚಳಿಗಾಲದಲ್ಲಿ ಡಾನ್ಯೂಬ್ ನದಿಗೆ ಓಡಿ, ಕ್ಷಣಕಾಲ ಮುಳುಗಿ, ಮತ್ತೆ ಓಡಿ ಮನೆ ಸೇರುತ್ತಿದ್ದ. ಗುಣವಾದ ಮೇಲೆ ಬಡವರಿಗೂ ನೀರು ಹಾಕತೊಡಗಿದ. ವೈದ್ಯರ, ಔಷಧಿ ಅಂಗಡಿಯವರ ದೂರುಗಳನ್ನೂ ಎದುರಿಸಿದ. 1886ರಲ್ಲಿ ಬಂದ ಅವನ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಅವನು ಬರಬರುತ್ತ ನೀರಿನ ಬಿರುಸನ್ನು ಕಡಿಮೆ ಮಾಡಿದ. ಗಿಡಮೂಲಿಕೆ, ಆಹಾರ, ವ್ಯಾಯಾಮ, ಬದುಕಿನ ಶಿಸ್ತನ್ನೂ ಸೇರಿಸಿದ.

ಭಾರತಕ್ಕೆ ಹೆಚ್ಚಾಗಿ ತಲುಪಿದ್ದು ಲೈಪ್ಜಿಗ್‌ನ ಲೂಯಿ ಕೂನೆಯ ದಾರಿ. ರೋಗಗಳೆಲ್ಲ ಒಂದೇ, ದೇಹದಲ್ಲಿ ಸೇರಿದ ಕಲ್ಮಶವೇ ಮೂಲ, ಕಟಿಸ್ನಾನದಿಂದ ಅದು ಹೊರಹೋಗುತ್ತದೆ ಎಂಬುದು ಅವನ ವಾದ. ಅವನನ್ನು ಓದಿದ ಗಾಂಧೀಜಿ 1902ರಲ್ಲಿ ಮುಂಬಯಿಯಲ್ಲಿ ಅದನ್ನು ಮಗನ ಮೇಲೇ ಪ್ರಯೋಗಿಸಿದರು. ಹತ್ತು ವರ್ಷದ ಮಣಿಲಾಲನಿಗೆ ವಿಷಮಶೀತಜ್ವರ, ಜೊತೆಗೆ ನ್ಯುಮೋನಿಯಾ. ವೈದ್ಯರು ಮೊಟ್ಟೆ, ಕೋಳಿ ಸಾರು ಕೊಡಿ ಎಂದರು. ಗಾಂಧೀಜಿ ಕಟಿಸ್ನಾನ, ಒದ್ದೆ ಬಟ್ಟೆ, ಕಿತ್ತಳೆ ರಸ ಆರಿಸಿಕೊಂಡರು. ಹುಡುಗ ಉಳಿದ. 1946ರಲ್ಲಿ ಅವರು ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಪ್ರಕೃತಿ ಚಿಕಿತ್ಸೆಯ ಆಶ್ರಮ ಆರಂಭಿಸಿದರು. 1989ರಲ್ಲಿ ನಮ್ಮ ಉಜಿರೆಯಲ್ಲಿ ಇದನ್ನು ಕಲಿಸುವ ಕಾಲೇಜೇ ಬಂತು.

ನನ್ನದು ಲೆಕ್ಕ ನೋಡುವ ಕಸುಬು. ಜಮಾ ಪುಟವನ್ನಷ್ಟೇ ತೋರಿಸುವ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ. ಗುಣವಾದವರು ಕಥೆ ಹೇಳುತ್ತಾರೆ, ಆಗದವರ ಕಥೆ ಅವರೊಂದಿಗೇ ಹೋಗುತ್ತದೆ. ಬಿಸಿನೀರಿನಲ್ಲಿ ಸಂಧಿನೋವು ಸಡಿಲವಾಗುವುದು ನಿಜ. ಆದರೆ ಯಾವ ತೊಟ್ಟಿಯ ನೀರೂ ಮಧುಮೇಹದ ಔಷಧದ ಜಾಗ ತುಂಬಲಾರದು.

ಮಣಿಲಾಲನ ಪ್ರಸಂಗದಲ್ಲಿ ಎರಡು ವಿವರಗಳನ್ನು ನಾವು ಮರೆಯುತ್ತೇವೆ. ಗಾಂಧೀಜಿ ಆ ವೈದ್ಯರನ್ನು ದೂರವಿಡಲಿಲ್ಲ. ನಡುನಡುವೆ ಬಂದು ನಾಡಿ, ಎದೆ ಪರೀಕ್ಷಿಸಿ ಸ್ಥಿತಿ ತಿಳಿಸಿ ಎಂದು ಕೇಳಿಕೊಂಡಿದ್ದರು. ಮಗ ಗುಣವಾದ ಮೇಲೂ, ಅದು ದೇವರ ದಯೆಯೋ ನೀರಿನ ಚಿಕಿತ್ಸೆಯೋ ಪಥ್ಯ ಮತ್ತು ಆರೈಕೆಯ ಫಲವೋ ಯಾರು ಹೇಳಬಲ್ಲರು ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಬರೆದರು. ಚಿಕ್ಕಪ್ಪ ಗಾಂಧೀಜಿಯಿಂದ ಕಟಿಸ್ನಾನವನ್ನು ತೆಗೆದುಕೊಂಡರು, ಈ ಎರಡನ್ನು ಬಿಟ್ಟುಬಿಟ್ಟರು.

ಅಪ್ಪ ಅಂದು ತೊಟ್ಟಿಯಲ್ಲಿ ಮೂರು ಸುತ್ತು ನಡೆದರು. ಕಾಲು ಹಗುರವಾಯಿತು ಎಂದರು. ಸಂಜೆ ರೈಲಿನಲ್ಲಿ ಬಿ.ಪಿ. ಮಾತ್ರೆಯನ್ನೂ ಮರೆಯದೆ ನುಂಗಿದರು.