ಚೆಂಡೂ ಲಾಂಡ್ರಿಯೂ: ಫ್ರಿಟ್ಜ್ ವಾಲ್ಟರ್ ಮತ್ತು ಜರ್ಮನ್ ಫುಟ್‌ಬಾಲ್ ವೃತ್ತಿಯ ಪೂರ್ವಕಾಲ

ಆಟವಾಡಿ ಹಣ ಪಡೆಯುವುದು ಆಟಕ್ಕೇ ಅವಮಾನ ಎಂಬ ನಂಬಿಕೆ ಜರ್ಮನಿಯ ಫುಟ್‌ಬಾಲ್ ಆಡಳಿತವನ್ನು ಬಹುಕಾಲ ಆಳಿತು. ಇಂಗ್ಲೆಂಡಿನಲ್ಲಿ 1885ರಲ್ಲಿಯೇ ವೃತ್ತಿಪರ ಆಟಕ್ಕೆ ಅಧಿಕೃತ ಒಪ್ಪಿಗೆ ದೊರೆತಿತ್ತು, ನೆರೆಯ ಆಸ್ಟ್ರಿಯದಲ್ಲಿ 1924ರಿಂದ ಸಂಬಳದ ಆಟಗಾರರ ಲೀಗ್ ನಡೆಯುತ್ತಿತ್ತು. ಆದರೆ 1900ರಲ್ಲಿ ಲೈಪ್‌ಜಿಗ್ ನಗರದಲ್ಲಿ ಸ್ಥಾಪನೆಗೊಂಡ ಜರ್ಮನ್ ಫುಟ್‌ಬಾಲ್ ಒಕ್ಕೂಟವು ಆಟಗಾರನೆಂದರೆ ಹವ್ಯಾಸಿ, ಅಂದರೆ ಬೇರೊಂದು ಉದ್ಯೋಗದಿಂದ ಹೊಟ್ಟೆ ಹೊರೆದುಕೊಂಡು ಬಿಡುವಿನಲ್ಲಿ ಆಡುವವನು, ಎಂಬ ನಿಯಮವನ್ನೇ ಬಿಗಿಯಾಗಿ ಹಿಡಿದಿತ್ತು. ಖರ್ಚುವೆಚ್ಚಕ್ಕೆಂದು ಅನುಮತಿಯಿದ್ದ ಸಣ್ಣ ಮೊತ್ತಕ್ಕಿಂತ ಹೆಚ್ಚು ಹಣ ಕೊಟ್ಟಿತೆಂಬ ಕಾರಣಕ್ಕೆ 1930ರಲ್ಲಿ ಗಣಿಪ್ರದೇಶದ ಶಾಲ್ಕೆ ಸಂಘದ ಬಹುತೇಕ ಇಡೀ ತಂಡವನ್ನು ವೃತ್ತಿಪರರೆಂದು ಸಾರಿ ಆಟದಿಂದ ಹೊರಗಿಡಲಾಯಿತು. ಆ ಸಂಘದ ಖಜಾಂಚಿ ಆತ್ಮಹತ್ಯೆ ಮಾಡಿಕೊಂಡರು. ಮುಂದೆ ರಾಷ್ಟ್ರೀಯ ತಂಡದ ತರಬೇತುದಾರರಾಗಿ ಶಿಸ್ತಿನ ಪ್ರತಿಮೆಯೆನಿಸಿದ ಸೆಪ್ ಹೆರ್ಬರ್ಗರ್ ಕೂಡ, ತಾವು ಆಟಗಾರರಾಗಿದ್ದ 1920ರ ದಶಕದ ಆರಂಭದಲ್ಲಿ ಹಣ ಪಡೆದ ತಪ್ಪಿಗೆ ಇದೇ ಒಕ್ಕೂಟದಿಂದ ನಿಷೇಧಕ್ಕೆ ಒಳಗಾಗಿದ್ದವರೇ.

ಈ ವ್ಯವಸ್ಥೆಯೊಳಗೆ ಬೆಳೆದು, ಅದು ಕುಸಿಯುವುದಕ್ಕೆ ನಾಲ್ಕು ವರ್ಷ ಮೊದಲು ಆಟ ಮುಗಿಸಿದ ಫ್ರಿಟ್ಜ್ ವಾಲ್ಟರ್ ಅವರನ್ನು ಜರ್ಮನಿಯ ಮೊದಲ ಮಹಾನ್ ವೃತ್ತಿಪರ ಆಟಗಾರರೆಂದು ಕರೆಯುವ ರೂಢಿಯಿದೆ. ಅದು ಅರ್ಧ ಮಾತ್ರ ನಿಜ, ಏಕೆಂದರೆ ಅವರ ಆಟ ವೃತ್ತಿಪರರದಾಗಿದ್ದರೂ ಆಟವೊಂದನ್ನೇ ನಂಬಿ ಬದುಕುವ ಅವಕಾಶ ಅವರಿಗೆ ಎಂದೂ ಇರಲಿಲ್ಲ.

ವಾಲ್ಟರ್ ಹುಟ್ಟಿದ್ದು 1920ರ ಅಕ್ಟೋಬರ್ 31ರಂದು, ಫ್ರಾನ್ಸ್ ಗಡಿಗೆ ಹೆಚ್ಚು ದೂರವಿಲ್ಲದ ಫಾಲ್ಜ್ ಪ್ರದೇಶದ ಕೈಸರ್ಸ್‌ಲಾಟರ್ನ್ ಎಂಬ ಪಟ್ಟಣದಲ್ಲಿ. ತಂದೆ ತಾಯಿ ಆ ಊರಿನ ಫುಟ್‌ಬಾಲ್ ಸಂಘದ ಊಟದ ಮನೆಯನ್ನು ನಡೆಸುತ್ತಿದ್ದುದರಿಂದ ಮಕ್ಕಳಿಗೆ ಸಂಘವೇ ಮನೆ ಎಂಬಂತಾಗಿತ್ತು. ತಮ್ಮ ಓಟ್‌ಮಾರ್ ಕೂಡ ಅದೇ ತಂಡಕ್ಕೆ ಆಡಿದರು. ಹವ್ಯಾಸಿ ನಿಯಮಕ್ಕೆ ತಕ್ಕಂತೆ ಫ್ರಿಟ್ಜ್ ಬ್ಯಾಂಕ್ ಕೆಲಸದ ತರಬೇತಿ ಪಡೆದರು. 1940ರ ಜುಲೈಯಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ರುಮೇನಿಯದ ವಿರುದ್ಧ ಫ್ರಾಂಕ್‌ಫರ್ಟ್‌ನಲ್ಲಿ ರಾಷ್ಟ್ರೀಯ ತಂಡಕ್ಕೆ ಮೊದಲ ಬಾರಿ ಆಡಿ, 9-3ರ ಗೆಲುವಿನಲ್ಲಿ ಮೂರು ಗೋಲು ಹೊಡೆದರು. ಅವರ ಜಾಗ ಇನ್‌ಸೈಡ್ ಫಾರ್ವರ್ಡ್‌ನದು, ಅಂದರೆ ಮಧ್ಯರಂಗಕ್ಕೂ ಮುಂಚೂಣಿಗೂ ನಡುವೆ ಓಡಾಡುತ್ತ ದಾಳಿಯ ದಾರಿಯನ್ನು ಹೆಣೆಯುವವನದು. ಗೋಲು ಹೊಡೆಯುವುದು ಆ ಕೆಲಸದ ಒಂದು ಭಾಗ ಮಾತ್ರ.

ಯುದ್ಧ ಅವರ ಆಟದ ಅತ್ಯುತ್ತಮ ವರ್ಷಗಳನ್ನು ನುಂಗಿತು. 1942ರ ನವೆಂಬರಿನಲ್ಲಿ ಸ್ಲೊವಾಕಿಯದ ವಿರುದ್ಧ ಆಡಿದ ಪಂದ್ಯದ ವೇಳೆಗೆ ಅವರ ಅಂತರರಾಷ್ಟ್ರೀಯ ಪಂದ್ಯಗಳ ಸಂಖ್ಯೆ 24 ಆಗಿತ್ತು. ಇಪ್ಪತ್ತೈದನೆಯದಕ್ಕೆ ಅವರು 1951ರವರೆಗೆ ಕಾಯಬೇಕಾಯಿತು. ಸೈನ್ಯಕ್ಕೆ ಸೇರಿದ ಅವರಿಗೆ ಮಲೇರಿಯಾ ತಗುಲಿತು. ಯುದ್ಧ ಮುಗಿದಾಗ ಅಮೆರಿಕನ್ನರ ಕೈಯಿಂದ ಸೋವಿಯತ್ ಸೈನ್ಯದ ಕೈಗೆ ಒಪ್ಪಿಸಲ್ಪಟ್ಟು, ಇಂದು ರುಮೇನಿಯದಲ್ಲಿರುವ ಸಿಗೆಟ್ ಎಂಬ ಊರಿನ ಕೈದಿಗಳ ಶಿಬಿರಕ್ಕೆ ಬಂದರು. ಅವರೇ ಹೇಳುತ್ತಿದ್ದ ಪ್ರಕಾರ, ಕಾವಲುಗಾರರ ಆಟದ ನಡುವೆ ತಮ್ಮತ್ತ ಬಂದ ಚೆಂಡನ್ನು ಅವರು ಒದ್ದ ರೀತಿ ನೋಡಿ, ಹಿಂದೆ ಬುಡಾಪೆಸ್ಟ್‌ನಲ್ಲಿ ಅವರ ಆಟ ಕಂಡಿದ್ದ ಹಂಗೇರಿಯ ಕಾವಲುಗಾರನೊಬ್ಬ ಗುರುತು ಹಿಡಿದು, ಸೋವಿಯತ್ ಒಕ್ಕೂಟದ ಶಿಬಿರಗಳಿಗೆ ಹೊರಡಲಿದ್ದವರ ಪಟ್ಟಿಯಿಂದ ಅವರನ್ನು ಬಿಡಿಸಿದನು. ಈ ಕಥೆ ಬಾಯಿಂದ ಬಾಯಿಗೆ ಹೋಗುವಾಗ ಎಷ್ಟು ಬೆಳೆದಿರಬಹುದೆಂಬ ಅನುಮಾನಕ್ಕೆ ಎಡೆಯಿದ್ದರೂ, 1945ರ ಅಕ್ಟೋಬರ್ ಕೊನೆಗೆ ಅವರು ಊರಿಗೆ ಮರಳಿದ್ದು, ಅದೇ ಹೊತ್ತಿನಲ್ಲಿ ಲಕ್ಷಾಂತರ ಜರ್ಮನ್ ಸೈನಿಕರು ಪೂರ್ವಕ್ಕೆ ಸಾಗುತ್ತಿದ್ದುದು, ಎರಡೂ ದಿಟ.

ಹಸಿವಿನ ಆ ವರ್ಷಗಳಲ್ಲಿ ಹಣಕ್ಕೆ ಬೆಲೆಯಿರಲಿಲ್ಲವಾದ್ದರಿಂದ ದೊಡ್ಡ ತಂಡಗಳು ಹಳ್ಳಿಗಳಿಗೆ ಹೋಗಿ ಆಲೂಗಡ್ಡೆ, ಹಿಟ್ಟು, ಕೊಬ್ಬು ಸಿಗುವುದೆಂದರೆ ಆಡುತ್ತಿದ್ದವು; ಹವ್ಯಾಸಿತನದ ಪರಿಶುದ್ಧಿ ಹೊಟ್ಟೆಯ ಮುಂದೆ ತಾನಾಗಿಯೇ ಸೋತಿತ್ತು. ಅದನ್ನು ಅರೆಮನಸ್ಸಿನಿಂದ ಒಪ್ಪಿದ ಒಕ್ಕೂಟ, 1940ರ ದಶಕದ ಕೊನೆಗೆ ‘ಒಪ್ಪಂದದ ಆಟಗಾರ’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಈ ಆಟಗಾರ ತಿಂಗಳಿಗೆ ಹೆಚ್ಚೆಂದರೆ 320 ಮಾರ್ಕ್ ಪಡೆಯಬಹುದಿತ್ತು, ಜೊತೆಗೆ ಬೇರೊಂದು ಉದ್ಯೋಗವನ್ನೂ ಮಾಡಬೇಕಿತ್ತು. ಅಂದರೆ ಹವ್ಯಾಸಿಯೂ ಅಲ್ಲದ, ವೃತ್ತಿಪರನೂ ಅಲ್ಲದ ತ್ರಿಶಂಕು ಸ್ಥಿತಿ. ದೇಶವ್ಯಾಪಿ ಲೀಗ್ ಎಂಬುದೂ ಇರಲಿಲ್ಲ: ಓಬರ್‌ಲಿಗಾ ಎಂಬ ಐದು ಪ್ರಾದೇಶಿಕ ಲೀಗ್‌ಗಳಲ್ಲಿ ಮೇಲೆ ಬಂದವರು ವರ್ಷದ ಕೊನೆಗೆ ಪರಸ್ಪರ ಆಡಿ ಚಾಂಪಿಯನ್ ಯಾರೆಂದು ತೀರ್ಮಾನಿಸಿಕೊಳ್ಳುತ್ತಿದ್ದರು. ಈ ಪದ್ಧತಿಯಲ್ಲಿ ಕೈಸರ್ಸ್‌ಲಾಟರ್ನ್‌ನಂಥ ಸಣ್ಣ ಊರು 1951 ಮತ್ತು 1953ರಲ್ಲಿ ಚಾಂಪಿಯನ್ ಆಗಲು ಸಾಧ್ಯವಾಯಿತು. ಹಣದಿಂದ ಆಟಗಾರರನ್ನು ಸೆಳೆಯಲು ನಿಯಮ ಬಿಡದಿದ್ದುದೂ ಅದಕ್ಕೆ ಒಂದು ಕಾರಣವೆನ್ನಬೇಕು.

ಹೊರದೇಶದಲ್ಲಿ ಆ ತಡೆಯಿರಲಿಲ್ಲ. 1951ರಲ್ಲಿ ಸ್ಪೇನ್‌ನ ಆಟ್ಲೆಟಿಕೊ ಮ್ಯಾಡ್ರಿಡ್ ಸಂಘ ಭಾರಿ ಮೊತ್ತವನ್ನು ಮುಂದಿಟ್ಟು ಕರೆದಾಗ ವಾಲ್ಟರ್ ಹೋಗಲಿಲ್ಲ. ಊರಿನ ಮೇಲಿನ ಪ್ರೀತಿ, ಪತ್ನಿ ಇಟಾಲಿಯಾ, ತಂದೆಯ ಸ್ಥಾನದಲ್ಲಿದ್ದ ಹೆರ್ಬರ್ಗರ್, ರಾಷ್ಟ್ರೀಯ ತಂಡ ಎಂದು ಅದಕ್ಕೆ ಕಾರಣಗಳನ್ನು ಹೇಳಲಾಗುತ್ತದೆ. ಈ ನಿಷ್ಠೆಯನ್ನು ಬರಿಯ ಭಾವುಕತೆಯಾಗಿ ಕೊಂಡಾಡುವವರು ಇನ್ನೊಂದು ಮುಖವನ್ನು ಮರೆಯುತ್ತಾರೆ: ಊರು ಅವರಿಗೆ ಆಟದ ಹೊರಗಿನ ಜೀವನಾಧಾರವನ್ನೂ ಕೊಟ್ಟಿತ್ತು. ಜರ್ಮನಿಯ ನಾಯಕರಾಗಿದ್ದ ಕಾಲದಲ್ಲೇ ಅವರು ಕೈಸರ್ಸ್‌ಲಾಟರ್ನ್‌ನಲ್ಲಿ ಒಂದು ಲಾಂಡ್ರಿಯನ್ನೂ ಮುಂದೆ ಒಂದು ಚಿತ್ರಮಂದಿರವನ್ನೂ ನಡೆಸಿದರು. ಓಟ್‌ಮಾರ್ ಪೆಟ್ರೋಲ್ ಬಂಕ್ ಇಟ್ಟುಕೊಂಡರು.

1954ರ ವಿಶ್ವಕಪ್ ತಂಡದಲ್ಲಿ ಈ ಒಂದೇ ಊರಿನ ಸಂಘದ ಐವರಿದ್ದರು: ವಾಲ್ಟರ್ ಸೋದರರು, ವರ್ನರ್ ಲೀಬ್ರಿಚ್, ವರ್ನರ್ ಕೋಲ್‌ಮಾಯರ್ ಮತ್ತು ಹೋರ್ಸ್ಟ್ ಎಕೆಲ್. ಗುಂಪಿನ ಹಂತದಲ್ಲಿ 8-3ರಿಂದ ತಮ್ಮನ್ನು ಮಣಿಸಿದ್ದ ಹಂಗೇರಿಯನ್ನೇ ಜುಲೈ 4ರಂದು ಬರ್ನ್ ನಗರದ ಫೈನಲ್‌ನಲ್ಲಿ ಎದುರಿಸಿದ ಜರ್ಮನರು, ಎಂಟು ನಿಮಿಷಗಳಲ್ಲೇ ಎರಡು ಗೋಲು ಬಿಟ್ಟುಕೊಟ್ಟೂ 3-2ರಿಂದ ಗೆದ್ದರು. ಕೊನೆಯ ಗೋಲು 84ನೇ ನಿಮಿಷದಲ್ಲಿ ಹೆಲ್ಮುಟ್ ರಾನ್ ಅವರದು. ಅಂದು ಸುರಿದ ಮಳೆಗೂ ಈ ಕಥೆಯಲ್ಲಿ ಪಾಲುಂಟು. ಮಲೇರಿಯಾದ ನಂತರ ಬಿಸಿಲಿನಲ್ಲಿ ಬಳಲುತ್ತಿದ್ದ ನಾಯಕನಿಗೆ ಮಳೆಯೇ ಅನುಕೂಲವಾಗಿತ್ತು, ಮತ್ತು ಬೂಟು ತಯಾರಕ ಆಡಿ ಡಾಸ್ಲರ್ ಒದಗಿಸಿದ ಬೂಟುಗಳ ಅಡಿಯ ಗಿಡ್ಡ ಮೊಳೆಗಳನ್ನು ತಿರುಚಿ ತೆಗೆದು ಉದ್ದನೆಯವನ್ನು ಕೂರಿಸಿಕೊಳ್ಳಬಹುದಾಗಿದ್ದರಿಂದ ಒದ್ದೆ ಹುಲ್ಲಿನ ಮೇಲೆ ಹಿಡಿತ ಸಿಗುತ್ತಿತ್ತು. ಜಿಟಿಜಿಟಿ ಮಳೆಗೆ ‘ಫ್ರಿಟ್ಜ್ ವಾಲ್ಟರ್ ಹವೆ’ ಎನ್ನುವುದು ಜರ್ಮನ್ ನುಡಿಯಲ್ಲಿ ಇಂದಿಗೂ ಉಳಿದಿದೆ.

ಗೆದ್ದವರೆಲ್ಲರ ಬದುಕು ಹಸನಾಗಲಿಲ್ಲ. ಮೊದಲೂ ನಂತರವೂ ಇನ್ನೊಂದು ಕಸುಬನ್ನು ಗಟ್ಟಿಮಾಡಿಕೊಂಡವರು ದಡ ಸೇರಿದರು. ಕೋಲ್‌ಮಾಯರ್ ಕುಡಿತಕ್ಕೆ ಸಿಲುಕಿ, ಕೊನೆಗೆ ಬಾಗಿಲು ಕಾಯುವ ಕೆಲಸ ಮಾಡುತ್ತಿದ್ದು, 1974ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡರು. ವಾಲ್ಟರ್ 1958ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಗಾಯಗೊಂಡು, 61 ಪಂದ್ಯ, 33 ಗೋಲುಗಳೊಂದಿಗೆ ರಾಷ್ಟ್ರೀಯ ತಂಡದಿಂದ ದೂರವಾಗಿ, ಮರುವರ್ಷ ಸಂಘದ ಆಟವನ್ನೂ ನಿಲ್ಲಿಸಿದರು. ಬಹುಕಾಲದ ನಂತರ, ಹೆರ್ಬರ್ಗರ್ ಹೆಸರಿನ ಪ್ರತಿಷ್ಠಾನದ ಪರವಾಗಿ ಅವರು ಜೈಲುಗಳಿಗೆ ಹೋಗಿ ಕೈದಿಗಳನ್ನು ಕಾಣುತ್ತಿದ್ದರು.

ಬುಂಡೆಸ್‌ಲಿಗಾ, ಅಂದರೆ ಇಡೀ ದೇಶದ ಒಂದೇ ಲೀಗ್, 1962ರಲ್ಲಿ ತೀರ್ಮಾನವಾಗಿ 1963ರ ಆಗಸ್ಟ್‌ನಲ್ಲಿ ಆರಂಭವಾಯಿತು. ಕೈಸರ್ಸ್‌ಲಾಟರ್ನ್ ಅದರ ಹದಿನಾರು ಸ್ಥಾಪಕ ಸಂಘಗಳಲ್ಲಿ ಒಂದು. ಅಲ್ಲಿಯೂ ಸಂಬಳಕ್ಕೆ 1200 ಮಾರ್ಕ್‌ನ ಮಿತಿ ಹಾಕಿದ್ದರಿಂದ ಮೇಜಿನ ಕೆಳಗಿನ ಹಣ ನಿಲ್ಲಲಿಲ್ಲ, ಮತ್ತು 1971ರಲ್ಲಿ ಪಂದ್ಯ ಮಾರಾಟದ ಹಗರಣ ಹೊರಬಿದ್ದ ಮೇಲಷ್ಟೇ ಆ ಮಿತಿ ಹೋಯಿತು. ಕೈಸರ್ಸ್‌ಲಾಟರ್ನ್‌ನ ಬೆಟ್ಜೆನ್‌ಬರ್ಗ್ ಗುಡ್ಡದ ಮೇಲಿನ ಕ್ರೀಡಾಂಗಣಕ್ಕೆ 1985ರಲ್ಲಿ, ಬದುಕಿರುವಾಗಲೇ, ವಾಲ್ಟರ್ ಅವರ ಹೆಸರಿಡಲಾಯಿತು. ಅವರು 2002ರ ಜೂನ್ 17ರಂದು ನಿಧನರಾದರು. ಸಾಲದಲ್ಲಿ ಮುಳುಗಿದ್ದ ಸಂಘವು ಮರುವರ್ಷ, ಹೆಸರನ್ನು ಹಾಗೆಯೇ ಉಳಿಸಿ, ಆ ಕ್ರೀಡಾಂಗಣವನ್ನು ಮಾರಿತು.