ಎಡಗೈಗೆ ದಕ್ಷಿಣದ ಹೆಸರು

ನಮ್ಮ ಮನೆಗಳಲ್ಲಿ ಎಡಗೈಗೆ ಮರ್ಯಾದೆ ಕಡಮೆ. ಎಡಗೈಯಿಂದ ಏನಾದರೂ ಕೊಟ್ಟರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳ ಬೆರಳಿಗೆ ಎಷ್ಟು ಪೆಟ್ಟು ಬಿದ್ದಿದೆಯೋ ಲೆಕ್ಕವಿಲ್ಲ. ಇಂಥ ಎಡಗೈಯವನಿಗೆ ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಒಂದು ಪ್ರತ್ಯೇಕ ಹೆಸರೇ ಉಂಟು: ‘ಸೌತ್‌ಪಾ’. ‘ಸೌತ್’ ಎಂದರೆ ದಕ್ಷಿಣ. ‘ಪಾ’ ಎಂದರೆ ಪ್ರಾಣಿಯ ಪಂಜ. ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದಂತೆ ಆ ಆಟದಲ್ಲಿ ಪಿಚರ್. ಅವನು ಎಡಗೈಯಿಂದ ಚೆಂಡೆಸೆಯುವವನಾದರೆ ‘ದಕ್ಷಿಣದ ಪಂಜದವ’ನೆನಿಸುತ್ತಾನೆ.

ಎಡಗೈಗೂ ದಕ್ಷಿಣಕ್ಕೂ ಏನು ನಂಟು? ಇದಕ್ಕೆ ಬಹುಕಾಲದಿಂದ ಹೇಳುತ್ತ ಬಂದ ಕಥೆಯೊಂದಿದೆ. ದೊಡ್ಡ ಲೀಗುಗಳಲ್ಲಿ ದೀಪದ ಬೆಳಕಿನ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ, ಸಿನ್ಸಿನಾಟಿ ನಗರದಲ್ಲಿ. ಅದಕ್ಕೆ ಮೊದಲು ಆಟವೆಲ್ಲ ಮಧ್ಯಾಹ್ನದ ಮೇಲೆ. ಇಳಿಬಿಸಿಲು ದಾಂಡಿಗನ ಕಣ್ಣಿಗೆ ಹೊಡೆಯಬಾರದೆಂದು ಅವನನ್ನು ಮೈದಾನದ ಪಶ್ಚಿಮದ ತುದಿಯಲ್ಲಿ ಪೂರ್ವಾಭಿಮುಖವಾಗಿ ನಿಲ್ಲಿಸುತ್ತಿದ್ದರು. ಅವನೆದುರಿಗೆ ನಿಂತ ಪಿಚರನ ಮುಖ ಪಶ್ಚಿಮಕ್ಕೆ, ಎಡಗೈ ದಕ್ಷಿಣಕ್ಕೆ. ಇದನ್ನು ಕಂಡ ಷಿಕಾಗೋ ಪತ್ರಕರ್ತರು, ಅವರಲ್ಲೂ ಮುಂದೆ ವಿನೋದ ಲೇಖಕನೆಂದು ಹೆಸರಾದ ಫಿನ್ಲೆ ಪೀಟರ್ ಡನ್, 1880ರ ದಶಕದಲ್ಲಿ ಈ ಪದವನ್ನು ಟಂಕಿಸಿದರೆಂದು ಪ್ರತೀತಿ.

ಈ ಕಥೆ ನಮಗೆ ಬಲುಬೇಗ ಹಿಡಿಸುತ್ತದೆ. ಏಕೆಂದರೆ ಕೈಗೂ ದಿಕ್ಕಿಗೂ ನಂಟು ಕಟ್ಟುವುದು ನಮಗೆ ಹೊಸದಲ್ಲ. ಉದಯಸೂರ್ಯನಿಗೆ ಮುಖಮಾಡಿ ನಿಂತವನ ಬಲಗೈ ತೆಂಕಣಕ್ಕಿರುತ್ತದೆ. ಆದ್ದರಿಂದಲೇ ಸಂಸ್ಕೃತದ ‘ದಕ್ಷಿಣ’ ಶಬ್ದಕ್ಕೆ ಬಲವೆಂದೂ ಅರ್ಥ, ತೆಂಕಣವೆಂದೂ ಅರ್ಥ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ದೂರದ ಐರಿಷ್ ಭಾಷೆಯಲ್ಲೂ ಬಲಕ್ಕೂ ದಕ್ಷಿಣಕ್ಕೂ ಒಂದೇ ಶಬ್ದ. ಮೂಡಣಕ್ಕೆ ನೋಡುವ ನಮಗೆ ದಕ್ಷಿಣ ಹಸ್ತವೆಂದರೆ ಬಲಗೈ; ಪಡುವಣಕ್ಕೆ ನೋಡುವ ಪಿಚರನಿಗೆ ಎಡಗೈ.

ಆದರೆ ಒಪ್ಪುವ ಕಥೆಯೆಲ್ಲ ನಡೆದ ಕಥೆಯಲ್ಲ. 1848ರ ಅಮೆರಿಕದ ರಾಜಕೀಯ ವ್ಯಂಗ್ಯಚಿತ್ರವೊಂದರಲ್ಲಿ ಎಡಗೈಯ ಗುದ್ದಿಗೆ ಈ ಮಾತು ಆಗಲೇ ಬಳಕೆಯಾಗಿದೆ. ಗುದ್ದಿಗೆ ಮೈದಾನವೆಲ್ಲಿ, ಇಳಿಬಿಸಿಲೆಲ್ಲಿ? 1858ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಇದನ್ನು ಬೇಸ್‌ಬಾಲ್ ವರದಿಯಲ್ಲಿಯೇ ಬಳಸಿತು. ಆದರೆ ಪಿಚರನಿಗಲ್ಲ, ಚೆಂಡನ್ನು ಹೊಡೆದ ದಾಂಡಿಗನಿಗೆ. ಪದವನ್ನು ಹುಟ್ಟಿಸಿದನೆನ್ನಲಾದ ಡನ್ ಮಹಾಶಯ ತಾನೇ ಹುಟ್ಟಿದ್ದು 1867ರಲ್ಲಿ! ಷಿಕಾಗೋದವರು ಪದವನ್ನು ಸಾಕಿ ಬೆಳೆಸಿರಬಹುದು, ಹೆತ್ತವರಲ್ಲ. ಮೈದಾನದ ದಿಕ್ಕು ಪದದೊಡನೆ ಹೊಂದಿಕೊಂಡದ್ದರಿಂದ, ಆಮೇಲೆ ಬಂದ ವಿವರಣೆಯೇ ಮೂಲವೆಂದು ಜನ ನಂಬಿದರು.

ಆದರೂ ಆಟ ಈ ಪದಕ್ಕೆ ಮಾಡಿದ ಉಪಕಾರ ದೊಡ್ಡದು. ಮನುಷ್ಯನ ಕೈಯನ್ನು ಪಂಜವೆನ್ನುವುದು ಹಾಸ್ಯದ ಮಾತು. ಎಡಗೈ ದಾಂಡಿಗರನ್ನು ಹಿಡಿದು ನಿಲ್ಲಿಸಲು ಎಡಗೈ ಪಿಚರನೇ ಬೇಕೆಂದು ತಂಡಗಳು ಹುಡುಕತೊಡಗಿದಾಗ ಆ ಹಾಸ್ಯವೇ ಬಿರುದಾಯಿತು. ವಾರನ್ ಸ್ಪಾನ್ 363 ಪಂದ್ಯಗಳನ್ನು ಗೆದ್ದುಕೊಟ್ಟದ್ದು ಎಡಗೈಯಿಂದಲೇ. 1965ರ ಸೆಪ್ಟೆಂಬರ್ 9ರಂದು ಸ್ಯಾಂಡಿ ಕೋಫ್ಯಾಕ್ಸ್ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸ್ ಮುಟ್ಟಗೊಡದೆ ಪಂದ್ಯ ಮುಗಿಸಿದ್ದೂ ಎಡಗೈಯಿಂದಲೇ.

ಎಡಗೈಯಲ್ಲಿ ಬಳಪ ಹಿಡಿದ ಮಗು ಕಣ್ಣಿಗೆ ಬಿದ್ದರೆ, ಗದರುವ ಮೊದಲು ಇವರಿಬ್ಬರನ್ನು ನೆನೆಯಬಹುದು.