ತರಗು ಬೆಂಕಿ: ಸೋಲಿಗರ ಕಾಡಿನ ಬಗ್ಗೆ ಒಂದು ತಪ್ಪು ಓದು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಬಗ್ಗೆ ಬರೆಯುವವರು ಬಹುಮಟ್ಟಿಗೆ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಇವರು ತಲೆತಲಾಂತರದಿಂದ ಕಾಡನ್ನು ಕಾಪಾಡಿಕೊಂಡು ಬಂದವರು ಎಂಬುದು ಮೊದಲನೆಯದು; ಕಾಡು ಕೆಡದಂತೆ ಬಳಸುವುದು ಹೇಗೆಂದು ಇವರಿಗೆ ಕಲಿಸಿಕೊಡಬೇಕು ಎಂಬುದು ಎರಡನೆಯದು. ಮೊದಲನೆಯದು ಮುನ್ನುಡಿಗೆ, ಎರಡನೆಯದು ಯೋಜನಾ ವರದಿಗೆ. ಕಾಪಾಡಿಕೊಂಡು ಬಂದವರಿಗೆ ಕಾಪಾಡುವುದನ್ನು ಕಲಿಸುವುದೇಕೆ ಎಂದು ಕೇಳಿದವರು ಕಡಿಮೆ. 2011ರ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆತ ಮೇಲೆ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ. ಈ ಗೊಂದಲದ ಬೇರು ಇರುವುದು ಬೆಂಕಿಯ ಕುರಿತಾದ ಒಂದು ತಪ್ಪು ಓದಿನಲ್ಲಿ ಎಂಬುದು ನನ್ನ ವಾದ. ಸೋಲಿಗರ ಅರಣ್ಯ ಆಡಳಿತಕ್ಕೆ ಇರುವ ಬಹು ಮುಖ್ಯ ಪುರಾವೆಯನ್ನು ನಮ್ಮ ವಿದ್ವಾಂಸರು ಬಹುಕಾಲ ಅವರ ಅಪರಾಧದ ಪುರಾವೆಯಾಗಿ ಓದಿದರು.

ಪುರಾವೆ ಎಂದು ನಾನು ಕರೆಯುತ್ತಿರುವುದು ಶಾಸನವಲ್ಲ, ಕಡತವಲ್ಲ. ‘ತರಗು ಬೆಂಕಿ’ ಎಂಬ ಎರಡು ಪದ. ಒಣಗಾಲ ಶುರುವಾಗುವ ಹೊತ್ತಿಗೆ, ನೆಲದಲ್ಲಿನ್ನೂ ಪಸೆ ಇರುವಾಗ, ಬಿದ್ದ ತರಗೆಲೆಗೆ ಹಚ್ಚುವ ಸಣ್ಣ ಬೆಂಕಿಗೆ ಸೋಲಿಗರು ಇಟ್ಟ ಹೆಸರು ಅದು. ಉರಿ ಮೊಣಕಾಲಿನ ಮೇಲೆ ಏರುವುದು ಅಪರೂಪ. ತರಗು ಸುಟ್ಟು, ಹುಲ್ಲಿನ ಬುಡ ಸವರಿ, ಮರದ ತೊಗಟೆಯನ್ನು ಕರಿ ಮಾಡಿ ಮುಂದೆ ಹೋಗುತ್ತದೆ. ಅರಣ್ಯ ಇಲಾಖೆಯ ಕನ್ನಡದಲ್ಲಿ ಇದಕ್ಕೆ ಬೇರೆ ಹೆಸರಿಲ್ಲ. ಅಲ್ಲಿ ಎಲ್ಲ ಬೆಂಕಿಯೂ ಕಾಡ್ಗಿಚ್ಚೇ. ಪದರಚನೆಯನ್ನು ಸ್ವಲ್ಪ ನೋಡಿ: ‘ಕಾಡ್ಗಿಚ್ಚು’ ಎಂದಾಗ ಸುಡುವ ವಸ್ತು ಕಾಡು, ‘ತರಗು ಬೆಂಕಿ’ ಎಂದಾಗ ಸುಡುವ ವಸ್ತು ತರಗು, ಕಾಡು ಉಳಿಯುತ್ತದೆ. ಹೆಸರಿಡುವಾಗಲೇ ಏನು ಸುಡಬೇಕು, ಏನು ಸುಡಬಾರದು ಎಂಬ ಗೆರೆ ಎಳೆದಿದೆ. ಕೃಷ್ಣಾ ದಂಡೆಯ ಕಬ್ಬಿನ ಸೀಮೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಉಗಾರ ಖುರ್ದದಲ್ಲಿ ಕಬ್ಬು ಕಡಿದ ಮೇಲೆ ರವದಿಗೆ, ಅಂದರೆ ಉಳಿದ ಒಣ ಗರಿಗೆ, ಬೆಂಕಿ ಹಚ್ಚಿದರೆ ‘ಹೊಲ ಸುಟ್ಟಿತು’ ಎಂದು ಯಾರೂ ಅನ್ನುವುದಿಲ್ಲ. ನಿಂತ ಕಬ್ಬಿಗೆ ಬೆಂಕಿ ಬಿದ್ದರೆ ಮಾತ್ರ ಊರು ಓಡಿಬರುತ್ತದೆ. (ರವದಿ ಸುಡುವುದು ಮಣ್ಣಿಗೆ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಕೃಷಿ ವಿಜ್ಞಾನಿಗಳು ಬೇಡವೆನ್ನುತ್ತಾರೆ, ಸರಿಯಾಗಿಯೇ ಅನ್ನುತ್ತಾರೆ. ಇಲ್ಲಿ ಹೋಲಿಕೆ ಹೆಸರಿನ ಮಟ್ಟಿಗೆ.) ಒಂದು ಸಮುದಾಯ ಎರಡು ಬೆಂಕಿಗೆ ಎರಡು ಹೆಸರು ಇಟ್ಟುಕೊಂಡಿದೆ ಎಂದರೆ ಎರಡನ್ನೂ ಬೇರೆಬೇರೆಯಾಗಿ ಕಂಡಿದೆ, ಒಂದನ್ನು ಬೇಕೆಂದೇ ಮಾಡಿದೆ ಎಂದೇ ಅರ್ಥ.

ಇಷ್ಟು ಸ್ಪಷ್ಟವಾದದ್ದು ಕಣ್ತಪ್ಪಿದ್ದು ಹೇಗೆ? ಒಂದು ಕಾರಣ, ಈ ಬೆಟ್ಟಸಾಲಿನ ದಾಖಲೆ ಹರಿದು ಹಂಚಿಹೋಗಿದೆ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು. ಉಳಿದದ್ದು ಮೈಸೂರು ಸಂಸ್ಥಾನ. ಒಂದೇ ಸಮುದಾಯದ ಜನ ಮೂರು ಆಡಳಿತಗಳ ಅಂಚಿನಲ್ಲಿ, ಮೂರರಲ್ಲೂ ಅಡಿಟಿಪ್ಪಣಿಯಾಗಿ ಉಳಿದರು. ಇನ್ನೊಂದು ಕಾರಣ ಬರೆದವರ ಕಸುಬು. 1878ರಲ್ಲಿ ಪುಸ್ತಕ ಪ್ರಕಟಿಸಿದ ಸ್ಯಾಂಡರ್ಸನ್ ಆನೆ ಹಿಡಿಯುವ ಅಧಿಕಾರಿ, ಬೇಟೆಗಾರ. ಸೋಲಿಗ ಅವನಿಗೆ ಹೆಜ್ಜೆಗುರುತು ಹಿಡಿದು ಹೋಗುವ ಆಳು. ಜಾತಿ-ಬುಡಕಟ್ಟುಗಳ ಕುರಿತ 1909ರ ಥರ್ಸ್ಟನ್‌ ಸಂಪುಟಗಳಿಗೆ ಅವರೊಂದು ಬುಡಕಟ್ಟಿನ ನಮೂದು. ಅರಣ್ಯಾಧಿಕಾರಿಗಳಿಗೆ ಕಂಡದ್ದು ಕುಮರಿ ಬೇಸಾಯ ಒಂದೇ. ಕುಮರಿಯಲ್ಲಿ ಮರ ಕಡಿದು, ಒಣಗಿಸಿ, ಆ ತುಂಡು ನೆಲವನ್ನು ಸುಟ್ಟು ರಾಗಿ ಬಿತ್ತುತ್ತಾರೆ. ತರಗು ಬೆಂಕಿಯಲ್ಲಿ ಕಡಿಯುವುದೂ ಇಲ್ಲ, ಬಿತ್ತುವುದೂ ಇಲ್ಲ. ಆದರೂ ಕುಮರಿಯ ಹೊಗೆಯಲ್ಲಿ ಅದು ಕಾಣದೆ ಹೋಯಿತು. ಕುಮರಿ ನಿಷೇಧವನ್ನೇ ಬೆಂಕಿ ನಿಷೇಧವೆಂದು ಓದುವ ಚಾಳಿ ನಮ್ಮ ಅರಣ್ಯ ಇತಿಹಾಸಕಾರರಲ್ಲಿ ಇಂದಿಗೂ ಇದೆ, ಅದೂ ವಸಾಹತುಶಾಹಿಯನ್ನು ಗಟ್ಟಿಯಾಗಿ ಬೈಯುವವರಲ್ಲೇ.

ಮುಂಬಯಿ ಕರ್ನಾಟಕದೊಂದಿಗೆ ಹೋಲಿಸಿದರೆ ಈ ಪಕ್ಷಪಾತ ಇನ್ನೂ ನಿಚ್ಚಳವಾಗುತ್ತದೆ. ಕುಮಟಾದ ಹಳಕಾರ ಗ್ರಾಮದ ಅರಣ್ಯ ಪಂಚಾಯಿತಿ 1920ರ ದಶಕದಷ್ಟು ಹಳೆಯದು. ಸಮುದಾಯ ಅರಣ್ಯಕ್ಕೆ ಕರ್ನಾಟಕದ ಉದಾಹರಣೆ ಕೇಳಿದರೆ ಎಲ್ಲರ ಬಾಯಲ್ಲೂ ಅದೇ. ಯೋಗ್ಯ ಉದಾಹರಣೆಯೇ, ಅನುಮಾನವಿಲ್ಲ. ಆದರೆ ಅದು ಕಣ್ಣಿಗೆ ಬಿದ್ದದ್ದು ಸಮಿತಿ, ಕಾವಲುಗಾರ, ಲೆಕ್ಕದ ಪುಸ್ತಕ ಇದ್ದುದರಿಂದ. ಸರಕಾರದ ಆಕಾರದಲ್ಲಿದ್ದ ಆಡಳಿತ ಸರಕಾರಕ್ಕೆ ಕಂಡಿತು. ಎಲ್ಲೆ ಹಂಚಿಕೊಂಡು, ಕುಲದ ದೇವರ ಜಾಗಗಳಿಂದ ಕಾಡನ್ನು ಗುರುತಿಸಿಕೊಂಡು, ಋತು ನೋಡಿ ಬೆಂಕಿ ಹಚ್ಚಿದ ಸೋಲಿಗರ ಆಡಳಿತಕ್ಕೆ ಪುಸ್ತಕವಿರಲಿಲ್ಲ. ಆದ್ದರಿಂದ ಆಡಳಿತವೇ ಇರಲಿಲ್ಲ ಎಂದಾಯಿತು.

ಈಗ ವಿವಾದದ ಕೇಂದ್ರಕ್ಕೆ ಬರುತ್ತೇನೆ. 2005ರಲ್ಲಿ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ‘ಬೆಂಕಿ-ಲಂಟಾನ ಚಕ್ರ’ ಎಂಬ ಊಹೆಯನ್ನು ಮಂಡಿಸಿದರು. ಬೆಂಕಿ ಬಿದ್ದ ಕಾಡಿನಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಲಂಟಾನ ಎಂಬ ಕಳೆಪೊದೆ ನುಗ್ಗುತ್ತದೆ. ಲಂಟಾನ ಒಣಗಿ ಸೌದೆಯಾಗಿ ಇನ್ನೂ ದೊಡ್ಡ ಬೆಂಕಿಗೆ ದಾರಿ ಮಾಡುತ್ತದೆ. ಒಂದು ಇನ್ನೊಂದನ್ನು ಸಾಕುತ್ತದೆ. ಅವರು ಊಹೆಯೆಂದೇ ಹೆಸರಿಟ್ಟಿದ್ದರು ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಅದನ್ನು ಎತ್ತಿಕೊಂಡವರು ಆ ಮಾತನ್ನು ಮಾತ್ರ ಬಿಟ್ಟರು. ಲಂಟಾನ ಹಬ್ಬಲು ಬೆಂಕಿ ಕಾರಣ, ಬೆಂಕಿಗೆ ಆದಿವಾಸಿ ಕಾರಣ, ಹಾಗಾಗಿ ಲಂಟಾನಕ್ಕೂ ಆದಿವಾಸಿಯೇ ಕಾರಣ ಎಂಬ ಸುಲಭದ ಸರಪಳಿ ತಯಾರಾಯಿತು. ಅಂಕಿಗಳು ಮೇಲುನೋಟಕ್ಕೆ ಇದಕ್ಕೆ ಒತ್ತಾಸೆಯಾಗಿಯೇ ಕಂಡವು. ಬೆಟ್ಟದಲ್ಲಿ ಅಳೆದಿಟ್ಟ ತುಂಡುಗಳ ಪೈಕಿ 1997ರಲ್ಲಿ ಶೇಕಡಾ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ತುಂಡುಗಳನ್ನು ಮತ್ತೆ ನೋಡಿದಾಗ ಶೇಕಡಾ 81ರಲ್ಲಿ. ಹನ್ನೊಂದು ವರ್ಷದಲ್ಲಿ ಹರಡಿಕೆ ಹೆಚ್ಚುಕಡಿಮೆ ಇಮ್ಮಡಿ.

ಆದರೆ ಆ ವರ್ಷಗಳು ಯಾವುವು? 1974ರಲ್ಲಿ ಅಭಯಾರಣ್ಯ ಘೋಷಣೆಯಾಗಿ, 1987ರಲ್ಲಿ ಅದು ಸುಮಾರು 540 ಚದರ ಕಿಲೋಮೀಟರಿಗೆ ವಿಸ್ತಾರಗೊಂಡು, ಸೋಲಿಗರು ಕಾಡಿನೊಳಗಿಂದ ಪೋಡು ಎಂಬ ನೆಲೆಗಳಿಗೆ ಬಂದು, ಬೆಂಕಿ ಹಚ್ಚುವುದು ಕಟ್ಟುನಿಟ್ಟಾಗಿ ನಿಂತ ನಂತರದ ವರ್ಷಗಳು. ತರಗು ಬೆಂಕಿ ಲಂಟಾನವನ್ನು ಸಾಕುತ್ತಿದ್ದರೆ, ಅದು ನಿಂತ ಮೇಲೆ ಲಂಟಾನ ಕುಗ್ಗಬೇಕಿತ್ತು. ಆದದ್ದು ತಿರುಗುಮುರುಗು. ಸೋಲಿಗ ಹಿರಿಯರು ಹೇಳಿದ್ದೂ ಇದನ್ನೇ: ವರ್ಷವರ್ಷವೂ ಹಚ್ಚುತ್ತಿದ್ದ ಸಣ್ಣ ಬೆಂಕಿ ಲಂಟಾನದ ಎಳೆ ಸಸಿಯನ್ನು ಸುಡುತ್ತಿತ್ತು, ಬೆಂಕಿ ನಿಂತಿತು, ಗಿಡ ಆಳೆತ್ತರವಾಯಿತು. ಇದನ್ನು ಸುಂದರಂ, ಹಿರೇಮಠ ಮತ್ತು ಸಂಗಡಿಗರೇ 2012ರ ಪ್ರಬಂಧದಲ್ಲಿ ದಾಖಲಿಸಿದರು. ಸೋಲಿಗರ ತಿಳಿವು ಬರಿಯ ಮಾಹಿತಿಯ ಕಣಜವಲ್ಲ, ಕಾರಣ-ಕಾರ್ಯಗಳ ವಿವರಣೆ. ತಮ್ಮ ಊಹೆಯನ್ನು ತಾವೇ ಮರುಪರೀಕ್ಷೆಗೆ ಒಡ್ಡುವ ವಿದ್ವಾಂಸರು ನಮ್ಮಲ್ಲಿ ಹೆಚ್ಚಿಲ್ಲ. ಇಷ್ಟಾದರೂ ಇಲಾಖೆಯ ಭಿತ್ತಿಪತ್ರಗಳಿಗೂ ಕೆಲವು ಪಠ್ಯಗಳಿಗೂ 2005ರ ಸುದ್ದಿ ಮುಟ್ಟಿದ ಹಾಗೆ 2012ರದು ಮುಟ್ಟಿಲ್ಲ.

ಒಂದೇ ಸಾಕ್ಷಿ ಸಾಲದೆನ್ನುವವರಿಗೆ ಎರಡನೆಯದು ನೆಲ್ಲಿಮರದಲ್ಲಿದೆ. ಬೆಟ್ಟದ ನೆಲ್ಲಿ ಕ್ಷೀಣಿಸುತ್ತಿದೆ ಎಂದಾಗ ಮೊದಲ ಅನುಮಾನ ಕಾಯಿ ಕೀಳುವ ಸೋಲಿಗರ ಮೇಲೆಯೇ ಬಿತ್ತು. ಸೋಲಿಗರು ಬೆರಳು ತೋರಿಸಿದ್ದು ಉಪ್ಪಿಲಿನ ಕಡೆಗೆ, ಅಂದರೆ ಕೊಂಬೆಗೆ ಬೇರಿಳಿಸಿ ಮರವನ್ನು ಹೀರುವ ಬಂದಳಿಕೆಯ ಕಡೆಗೆ. ಮೊದಲು ಬೆಂಕಿ ಅದನ್ನು ಹದ್ದುಬಸ್ತಿನಲ್ಲಿಡುತ್ತಿತ್ತು ಎಂದರು. 2010ರಲ್ಲಿ ಲೂಸಿ ರಿಸ್ಟ್, ಉಮಾಶಂಕರ್ ಮತ್ತಿತರರು ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದರು. 2012ರಲ್ಲಿ ಟಿಕ್ಟಿನ್, ಗಣೇಶನ್, ಪರಮೇಶ, ಸಿದ್ದಪ್ಪ ಸೆಟ್ಟಿ ಅವರು ಕೊಯ್ಲು, ಬೆಂಕಿ, ಲಂಟಾನ, ಉಪ್ಪಿಲು ಇವುಗಳ ಪಾತ್ರವನ್ನು ಬಿಡಿಸಿ ನೋಡಿದಾಗ ಕೊಯ್ಲಿನ ಪಾಲು ಸಣ್ಣದೆಂದೇ ತೋರಿತು. ಲಂಟಾನದ ಪ್ರಶ್ನೆ ಬೇರೆ, ನೆಲ್ಲಿಯ ಪ್ರಶ್ನೆ ಬೇರೆ, ಕೇಳಿದವರೂ ಬೇರೆ. ಉತ್ತರ ಮಾತ್ರ ಎರಡೂ ಕಡೆ ನಿಂತುಹೋದ ಸಣ್ಣ ಬೆಂಕಿಗೇ ಬಂದು ಮುಟ್ಟುತ್ತದೆ.

ಆಕ್ಷೇಪಗಳಿವೆ. ಸೋಲಿಗರು ಕಾಡಿನ ಹಿತಕ್ಕಲ್ಲ, ದಾರಿ ಕಾಣಲೆಂದು, ಹುಲ್ಲು ಚಿಗುರಲೆಂದು ಬೆಂಕಿ ಹಚ್ಚಿದರು, ಇದನ್ನು ಆಡಳಿತ ಎನ್ನುವುದು ಅತಿಯಾಯಿತು ಎಂಬುದು ಒಂದು. ಕೆರೆಯ ಹೂಳು ತೆಗೆಯುವ ರೈತನಿಗೆ ಬೇಕಾದದ್ದೂ ತನ್ನ ಗದ್ದೆಗೆ ಗೋಡುಮಣ್ಣು. ಅದರಿಂದ ಹೂಳೆತ್ತುವುದು ಕೆರೆಯ ನಿರ್ವಹಣೆ ಆಗದೆ ಹೋಗುವುದಿಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಬೆಂಕಿಯನ್ನು ರಿಸ್ ಜೋನ್ಸ್ 1969ರಲ್ಲಿ ‘ಕೊಳ್ಳಿಯ ಬೇಸಾಯ’ ಎಂಬ ಅರ್ಥದ ಹೆಸರಿನಿಂದ ಕರೆದಾಗಲೂ ಇದೇ ತಕರಾರು ಎದ್ದಿತ್ತು. ಇಂದು ಅಲ್ಲಿನ ಉತ್ತರ ಭಾಗದಲ್ಲಿ ಒಣಗಾಲದ ಮೊದಲ ಬೆಂಕಿ ಅಧಿಕೃತ ಕಾರ್ಯಕ್ರಮ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಹಕ್ಕಿನ ಹೋರಾಟ ನಡೆಯುತ್ತಿರುವಾಗ ಹಿರಿಯರ ನೆನಪು ತಮಗೆ ಬೇಕಾದ ಹಾಗೆ ರೂಪುಗೊಂಡಿರಬಹುದು. ಇರಬಹುದು. ಆದರೆ ಉಪ್ಪಿಲಿನ ಬಗ್ಗೆ ಅವರ ಮಾತು ನೆಲದ ಮೇಲಿನ ಅಳತೆಗೆ ತಾಳೆಯಾಯಿತು, ಕೊಯ್ಲುಗಾರರ ಮೇಲೆ ಹೊರಿಸಿದ ಅನುಮಾನ ತಾಳೆಯಾಗಲಿಲ್ಲ. ಸ್ವಾರ್ಥದ ಸಾಕ್ಷಿಯೂ ಪರೀಕ್ಷೆಯಲ್ಲಿ ನಿಂತರೆ ಸಾಕ್ಷಿಯೇ. ಮೂರನೆಯದನ್ನು ನಾನು ಒಪ್ಪುತ್ತೇನೆ: ಇಂದು ಆಳೆತ್ತರದ ಲಂಟಾನಕ್ಕೆ ಕಡ್ಡಿ ಗೀರಿದರೆ ಹುಟ್ಟುವುದು ತರಗು ಬೆಂಕಿಯಲ್ಲ, ಕಾಡ್ಗಿಚ್ಚೇ. ಅಷ್ಟರಮಟ್ಟಿಗೆ ‘ಬೆಂಕಿ-ಲಂಟಾನ ಚಕ್ರ’ ಇಂದಿನ ಕಾಡಿಗೆ ನಿಜ. ನನ್ನ ವಿರೋಧ ಇಂದಿನ ಕಾಡಿನ ಸ್ಥಿತಿಯನ್ನು ನೂರು ವರ್ಷ ಹಿಂದಕ್ಕೆ ಒಯ್ದು ಅಲ್ಲಿನ ಜನರ ಮೇಲೆ ಹೊರಿಸುವುದಕ್ಕೆ.

ಹೀಗೆ ಓದಿದರೆ ‘ನೆರವು’ ಎಂಬ ಮಾತಿನ ಚರಿತ್ರೆಯೂ ಬೇರೆಯಾಗುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಜೇನು-ನೆಲ್ಲಿ-ಪಾಚಿ ಕೊಳ್ಳುವ ಲ್ಯಾಂಪ್ಸ್ ಸಹಕಾರ ಸಂಘಗಳು, 1990ರ ದಶಕದಿಂದ ಏಟ್ರೀ ಸಂಶೋಧನಾ ಸಂಸ್ಥೆ ಸೋಲಿಗರೊಡನೆ ಕೂತು ಮಾಡಿದ ಕೊಯ್ಲಿನ ಲೆಕ್ಕಾಚಾರ, ಇವೆಲ್ಲ ಕೆಲಸಕ್ಕೆ ಬಂದವು. ಹೆಚ್ಚು ಫಲ ಕೊಟ್ಟದ್ದು ಕಲಿಸಿದ ಕಡೆಯಲ್ಲ, ಬರೆದುಕೊಂಡ ಕಡೆ: ಸೋಲಿಗರೇ ಆದ ಸಂಶೋಧಕ ಸಿ. ಮಾದೇಗೌಡರು ಸಂಗಡಿಗರೊಂದಿಗೆ ನೂರಾರು ಪವಿತ್ರ ತಾಣಗಳನ್ನು ನಕ್ಷೆಗೆ ಇಳಿಸಿದಾಗ, ಪುಸ್ತಕವಿಲ್ಲದ ಆಡಳಿತಕ್ಕೆ ಮೊದಲ ಬಾರಿ ಸರಕಾರ ಓದಬಲ್ಲ ಪುಟ ಸಿಕ್ಕಿತು. ಈ ನಡುವೆ ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ಹಿಡಿದು ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕೆ ತಡೆ ಬಿತ್ತು. ನೆಲ್ಲಿ ಉಳಿಯಲೆಂದು ಕೊಯ್ಲು ನಿಲ್ಲಿಸಿದರು, ಉಪ್ಪಿಲನ್ನು ಮರದಲ್ಲೇ ಬಿಟ್ಟರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಹಕ್ಕುಪತ್ರವೂ ಬಂತು.

ಅರಣ್ಯ ಹಕ್ಕು ಕಾಯ್ದೆಯ 3(1)(ಐ) ಕಲಮು ಅರಣ್ಯವಾಸಿಗಳಿಗೆ ತಾವು ಪರಂಪರೆಯಿಂದ ಕಾಪಾಡಿಕೊಂಡು ಬಂದ ಸಮುದಾಯ ಅರಣ್ಯವನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಹಕ್ಕನ್ನು ಗುರುತಿಸುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಮು ಅಭಯಾರಣ್ಯಕ್ಕೆ ಅಪಾಯವಾಗುವ ಹಾಗೆ ಅಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸುತ್ತದೆ. ಯಾವ ತಿಂಗಳ ಯಾವ ಬೆಂಕಿ ಅಪಾಯದ್ದು ಎಂದು ಅದು ಬಿಡಿಸಿ ಹೇಳುವುದಿಲ್ಲ. ಎರಡೂ ಕಲಮುಗಳು ಇವತ್ತು ಆ ಒಂದೇ ಬೆಟ್ಟದ ಮೇಲೆ ಜಾರಿಯಲ್ಲಿವೆ.